ಫೈಲು ಕೊಟ್ಟವನಿಗೆ ಟೈಟಲ್ ಕಾರ್ಡ್ ಇಲ್ಲ!

ಹೆಗಲಿಗೊಂದು ಜೋಳಿಗೆ, ಕುತ್ತಿಗೆಗೊಂದು ಕ್ಯಾಮೆರಾ, ಜೇಬಿಗೊಂದು ಪೆನ್ನು.... ಇಷ್ಟಿದ್ದರೆ ನಮ್ಮ ಸಿನಿಮಾದಲ್ಲಿ ಪತ್ರಕರ್ತ ರೆಡಿ! ಇಂಟರ್‌ವಲ್ಲಿಗೆ ಮುಂಚೆ ಅವನು ಮಂತ್ರಿಯ ಬಂಗಲೆಯ ಕಾಂಪೌಂಡ್ ಹಾರುತ್ತಾನೆ. ಬೀರು ಒಡೆದು ಕೆಂಪು ದಾರ ಕಟ್ಟಿದ ಫೈಲು ಎತ್ತಿಕೊಂಡು ಬರುತ್ತಾನೆ. ಇಂಟರ್‌ವಲ್ ಆದ ಮೇಲೆ ನಾಲ್ಕು ಫೈಟು, ಒಂದು ಚೇಸು. ಕೊನೆಗೆ ಅಚ್ಚಿನ ಯಂತ್ರ ಗಿರಗಿರ ತಿರುಗಿ, ಪತ್ರಿಕೆಯ ಮುಖಪುಟ ಸುತ್ತಿಕೊಂಡು ಬಂದು ಪರದೆ ತುಂಬ ನಿಲ್ಲುತ್ತೆ. ಖಳನಾಯಕನ ಕೈಗೆ ಬೇಡಿ. ಶುಭಂ!

ನಮ್ಮ ಶಿಡ್ಲಘಟ್ಟದ ಕಡೆ ಅಣ್ಣಾವ್ರ ಚಿತ್ರಕ್ಕೂ ಶಿಳ್ಳೆ, ಎನ್.ಟಿ.ಆರ್. ಚಿತ್ರಕ್ಕೂ ಶಿಳ್ಳೆ. ಭಾಷೆ ಯಾವುದಾದರೇನು, ಇಂಥ ಕ್ಲೈಮ್ಯಾಕ್ಸ್ ಬಂದಾಗ ನಾನೂ ಬೆರಳು ಬಾಯಿಗಿಟ್ಟವನೇ. ಆದರೆ ಒಂದು ಪ್ರಶ್ನೆ ನನ್ನನ್ನು ಯಾವಾಗಲೂ ಕಾಡುತ್ತೆ. ಆ ಫೈಲು ಮಂತ್ರಿಯ ಬೀರುವಿನಲ್ಲೇ ಇದೆ, ಎಡಗಡೆ ಎರಡನೇ ಖಾನೆಯಲ್ಲೇ ಇದೆ ಅಂತ ಹೀರೋಗೆ ಹೇಳಿದವನು ಯಾರು ಸ್ವಾಮಿ?

ಯಾರೋ ಒಬ್ಬ ಹೇಳಿರಬೇಕಲ್ಲ! ಟೈಪಿಸ್ಟೋ, ಗುಮಾಸ್ತನೋ, ಲೆಕ್ಕ ಬರೆಯುವವನೋ, ಇಲ್ಲ ರಾತ್ರಿ ನಿದ್ದೆ ಬಾರದ ಒಬ್ಬ ದೊಡ್ಡ ಅಧಿಕಾರಿಯೋ. ಸಿನಿಮಾದಲ್ಲಿ ಅವನಿಗೆ ಅರ್ಧ ನಿಮಿಷದ ಪಾತ್ರ. ಅನೇಕ ಸಲ ಅದೂ ಇಲ್ಲ. ನಿಜ ಜೀವನದಲ್ಲಿ ಕಥೆ ಶುರುವಾಗುವುದೇ ಅವನಿಂದ. ಇವತ್ತು ನಾನು ಬರೆಯಹೊರಟಿರುವುದು ಆ ಅರ್ಧ ನಿಮಿಷದ ಪಾತ್ರಧಾರಿಯ ಮೇಲೆ, ಮತ್ತು ಅವನನ್ನು ಕಾಯುವ ಪತ್ರಕರ್ತನ ಮೇಲೆ.

ಶಂಕರಣ್ಣನ ರವಿ

ಕನ್ನಡ ಪರದೆಯ ಮೇಲೆ ಪತ್ರಕರ್ತ ಅಂದರೆ ನನಗೆ ಮೊದಲು ನೆನಪಾಗುವುದು ನಮ್ಮ ಶಂಕರ್‌ನಾಗ್. 1985ರ 'ಆಕ್ಸಿಡೆಂಟ್'. ನಿರ್ದೇಶನವೂ ಅವರದೇ, ರಿಪೋರ್ಟರ್ ರವಿಯ ಪಾತ್ರವೂ ಅವರದೇ. ಇಳಯರಾಜ ಅವರ ಸಂಗೀತ. ದೊಡ್ಡ ರಾಜಕಾರಣಿಯ ಮಗ ಮಾದಕದ ಅಮಲಿನಲ್ಲಿ ರಾತ್ರಿ ಕಾರು ಓಡಿಸಿ, ಫುಟ್‌ಪಾತಿನಲ್ಲಿ ಮಲಗಿದ್ದ ಬಡವರ ಮೇಲೆ ಹರಿಸುತ್ತಾನೆ. ಅಪ್ಪ ಧರ್ಮಾಧಿಕಾರಿಯ ಪಾತ್ರದಲ್ಲಿ ಅನಂತ್‌ನಾಗ್. ಬದುಕಿ ಉಳಿದ ಒಬ್ಬನೇ ಒಬ್ಬ ಬಡಪಾಯಿಯಾಗಿ ರಮೇಶ್ ಭಟ್. ಸಾಮಾಜಿಕ ಸಮಸ್ಯೆ ಕುರಿತ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು.

ಈ ಚಿತ್ರದ ಖದರ್ ಏನು ಗೊತ್ತಾ? ರವಿಯ ಆಯುಧ ಮುಷ್ಟಿ ಅಲ್ಲ, ಪ್ರಶ್ನೆ. ಅವನಿಗೆ ಬೇಕಾಗಿರುವುದು ಬಾಯಿ ಬಿಡುವ ಒಬ್ಬ ಮನುಷ್ಯ. ಖಳನಾಯಕನಿಗೆ ಬೇಕಾಗಿರುವುದು ಅದೇ ಮನುಷ್ಯನ ಬಾಯಿ ಮುಚ್ಚಿಸುವುದು. ನಿಜವಾದ ಪತ್ರಿಕೋದ್ಯಮದ ಹಗ್ಗಜಗ್ಗಾಟವೆಲ್ಲ ಇಷ್ಟೇ. ಆಟೋಗಳ ಹಿಂದೆ 'ಆಟೋರಾಜ'ನ ಚಿತ್ರ ಇವತ್ತಿಗೂ ಅಂಟಿಸಿಕೊಂಡು ಓಡಾಡುವ ನಮ್ಮ ಅಣ್ಣತಮ್ಮಂದಿರು ಈ ರವಿಯನ್ನೂ ಒಮ್ಮೆ ನೋಡಬೇಕು ಅಂತ ನನ್ನ ಆಸೆ.

ಇದಕ್ಕೆ ತದ್ವಿರುದ್ಧ ನಮ್ಮ ರೆಬೆಲ್ ಸ್ಟಾರ್ ಅಂಬರೀಶ್ ಮಾಡಿದ 'ನ್ಯೂ ಡೆಲ್ಲಿ'. ಜೋಷಿ ನಿರ್ದೇಶನದ ಮಲಯಾಳಂ ಮೂಲದಲ್ಲಿ 1987ರಲ್ಲಿ ಮಮ್ಮೂಟ್ಟಿ, 1988ರ ಕನ್ನಡದಲ್ಲಿ ಅಂಬಿ. ದೊಡ್ಡವರ ಸಂಚಿಗೆ ಸಿಕ್ಕಿ ಜೈಲಿಗೆ ಹೋದ ಪತ್ರಕರ್ತ ಹೊರಗೆ ಬಂದು ತಾನೇ ಪತ್ರಿಕೆ ಮಾಡಿ, ತಾನೇ ಕೊಲೆಗಳನ್ನು ಮಾಡಿಸಿ, ಆ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಅಚ್ಚು ಹಾಕುತ್ತಾನೆ! ನೋಡೋದಕ್ಕೆ ಮಜಾ. ಆದರೆ ಸುದ್ದಿ ಹುಡುಕೋನು ಬೇರೆ, ಸುದ್ದಿ ಹುಟ್ಟಿಸೋನು ಬೇರೆ. ಇವರಿಬ್ಬರ ನಡುವಿನ ಗೆರೆ ಯಾವತ್ತೂ ಅಳಿಸಬಾರದು. ಮುಂದೆ ಅಮಿತಾಬ್ ಬಚ್ಚನ್ ಕಥೆ ಹೇಳುವಾಗ ಈ ಮಾತು ಜ್ಞಾಪಕ ಇಟ್ಟುಕೊಳ್ಳಿ.

ಡೈರೆಕ್ಟರ್ ಎಡಿಟರ್ ಆದಾಗ

ಪರದೆ ಬಿಟ್ಟು ಬೀದಿಗೆ ಬರೋಣ. 1970ರ 'ಸಂಸ್ಕಾರ'ದ ನಾರಣಪ್ಪ ಯಾರು? ಪಿ. ಲಂಕೇಶ್! ಇಂಗ್ಲಿಷ್ ಮೇಷ್ಟರಾಗಿದ್ದ ಮನುಷ್ಯ ಸಿನಿಮಾಕ್ಕೆ ಬಂದು, ಮೊದಲ ಚಿತ್ರ 'ಪಲ್ಲವಿ'ಗೇ 1976ರ ಸಾಲಿನ ಅತ್ಯುತ್ತಮ ನಿರ್ದೇಶಕ ಅಂತ ರಾಷ್ಟ್ರಪ್ರಶಸ್ತಿ ಹೊಡೆದರು. 'ಅನುರೂಪ', 'ಎಲ್ಲಿಂದಲೋ ಬಂದವರು' ಆದವು. ಆಮೇಲೆ 1980ರಲ್ಲಿ ಕ್ಯಾಮೆರಾ ಪಕ್ಕಕ್ಕಿಟ್ಟು 'ಲಂಕೇಶ್ ಪತ್ರಿಕೆ' ಶುರು ಮಾಡಿದರು.

ಆ ಪತ್ರಿಕೆಯಲ್ಲಿ ಒಂದೇ ಒಂದು ಜಾಹೀರಾತು ಇರಲಿಲ್ಲ. ಇದು ಬರೀ ಹಟ ಅಂದುಕೊಳ್ಳಬೇಡಿ, ಲೆಕ್ಕಾಚಾರ! ಸರ್ಕಾರದ ವಿರುದ್ಧ ಬರೆದರೆ ಸರ್ಕಾರಿ ಜಾಹೀರಾತು ನಿಲ್ಲುತ್ತೆ. ಕಂಪನಿಯ ವಿರುದ್ಧ ಬರೆದರೆ ಕಂಪನಿಯದು ನಿಲ್ಲುತ್ತೆ. ಜಾಹೀರಾತೇ ಇಲ್ಲದಿದ್ದರೆ ನಿಲ್ಲಿಸೋದು ಏನನ್ನ? ಬಸ್ ಸ್ಟ್ಯಾಂಡಿನಲ್ಲಿ ಚಿಲ್ಲರೆ ಕೊಟ್ಟು ಕೊಳ್ಳುವ ಓದುಗನೇ ಅದಕ್ಕೆ ಯಜಮಾನ. ಗುಟ್ಟಿನ ಕಾಗದ ಇಟ್ಟುಕೊಂಡು ಒದ್ದಾಡುವ ಗುಮಾಸ್ತನಿಗೆ ಇದರಷ್ಟು ಧೈರ್ಯ ಕೊಡುವ ವಿಷಯ ಬೇರೆ ಇಲ್ಲ. ಯಾಕೆ? ಕೊಟ್ಟ ಕಾಗದ ಮಾಲೀಕನ ಡ್ರಾಯರಿನಲ್ಲಿ ಸತ್ತುಹೋಗುವುದಿಲ್ಲ ಅನ್ನೋ ನಂಬಿಕೆ.

2000ದ ಜನವರಿಯಲ್ಲಿ ಲಂಕೇಶ್ ತೀರಿಕೊಂಡರು. ಮಗಳು ಗೌರಿ ಪತ್ರಿಕೆ ಕೈಗೆತ್ತಿಕೊಂಡರು, 2005ರಿಂದ ತಮ್ಮದೇ ಹೆಸರಿನ ವಾರಪತ್ರಿಕೆ ನಡೆಸಿದರು. 2008ರ ಒಂದು ವರದಿಗೆ ಮಾನನಷ್ಟ ಮೊಕದ್ದಮೆ ಬಿದ್ದು 2016ರಲ್ಲಿ ಹುಬ್ಬಳ್ಳಿ ಕೋರ್ಟಿನಿಂದ ಶಿಕ್ಷೆಯಾಯಿತು, ಜಾಮೀನು ಸಿಕ್ಕಿತು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ಅವರ ಮನೆ ಮುಂದೆಯೇ ಗುಂಡಿಟ್ಟು ಕೊಂದರು. ಬರೆಯುವವರಿಗೆ ಒಂದು ಕಡೆ ಕೋರ್ಟು, ಇನ್ನೊಂದು ಕಡೆ ಕೋವಿ. ಇದರ ಮಧ್ಯೆ ಕೆಲಸ ಮಾಡಬೇಕು. ಡ್ಯೂಪ್ ಹಾಕೋಕೆ ಆಗೋಲ್ಲ!

ಬಳ್ಳಾರಿಯ ಫೈಲು

ಅಪ್ಪು ಅಭಿಮಾನಿಗಳಿಗೆ 'ಪೃಥ್ವಿ' ಹೇಳಿಕೊಡಬೇಕಿಲ್ಲ. 2010ರಲ್ಲಿ ತೆರೆಗೆ ಬಂತು, ಜೇಕಬ್ ವರ್ಗೀಸ್ ನಿರ್ದೇಶನ. ಗಣಿ ಧೂಳಿನ ಬಳ್ಳಾರಿಗೆ ಜಿಲ್ಲಾಧಿಕಾರಿಯಾಗಿ ಪುನೀತ್ ಹೋಗುತ್ತಾರೆ, ಗಣಿ ಧಣಿಗಳ ಜೊತೆ ಗುದ್ದಾಡುತ್ತಾರೆ. ಚಿತ್ರಮಂದಿರದಲ್ಲಿ ಆ ಗುದ್ದಾಟ ನಡೆಯುತ್ತಿದ್ದಾಗಲೇ ಹೊರಗೆ ಬೇರೊಂದು ಗುದ್ದಾಟ ನಡೀತಿತ್ತು. ಅದರಲ್ಲಿ ಫೈಟ್ ಮಾಸ್ಟರ್ ಇರಲಿಲ್ಲ, ಇದ್ದದ್ದು ಕಾಗದದ ಕಟ್ಟುಗಳು.

ಆಗ ಲೋಕಾಯುಕ್ತರಾಗಿದ್ದವರು ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ. ತನಿಖೆಯ ತಂಡದ ಮುಂದಾಳು ಅರಣ್ಯಾಧಿಕಾರಿ ಯು.ವಿ. ಸಿಂಗ್. ಇವರು ಮಾಡಿದ್ದು ಏನು? ಅದಿರು ಸಾಗಿಸಲು ಕೊಟ್ಟ ಪರ್ಮಿಟ್ ಒಂದು ಕಡೆ, ಬಂದರಿನಲ್ಲಿ ಹಡಗಿಗೆ ಏರಿದ ತೂಕ ಇನ್ನೊಂದು ಕಡೆ ಇಟ್ಟುಕೊಂಡು ತಾಳೆ ನೋಡಿದರು. ಪರ್ಮಿಟ್ಟಿಗಿಂತ ಹಡಗಿನ ಅದಿರೇ ಜಾಸ್ತಿ! ಆದಾಯ ತೆರಿಗೆಯವರು ಜಪ್ತಿ ಮಾಡಿದ್ದ ಕಂಪ್ಯೂಟರಿನ ಲೆಕ್ಕಗಳೂ ಕೈಗೆ ಬಂದವು.

ನಮ್ಮ ಗೂಡಿನ ಮಾರ್ಕೆಟ್ಟಿಗೆ ಹೋಗುವ ಯಾವ ರೈತನಿಗೂ ಈ ಪಾಠ ಹೊಸದಲ್ಲ. ತೂಕ ಒಂದು ಚೀಟಿಯಲ್ಲಿ, ದುಡ್ಡು ಇನ್ನೊಂದು ಚೀಟಿಯಲ್ಲಿ. ಎರಡೂ ತಾಳೆಯಾದರೆ ಲೆಕ್ಕ ಸರಿ, ಇಲ್ಲದಿದ್ದರೆ ಎಲ್ಲೋ ಕೈ ಓಡಿದೆ. ಗೂಡು ಬಿಚ್ಚುವವರನ್ನು ನೋಡಿದ್ದೀರಲ್ಲ? ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹಿಡಿಯುವವರೆಗೆ ಮಾತ್ರ ಕಷ್ಟ. ತುದಿ ಸಿಕ್ಕಿತೋ, ನೂಲು ತಾನಾಗಿ ಬಿಚ್ಚಿಕೊಂಡು ಬರುತ್ತೆ. ದೊಡ್ಡ ಹಗರಣವೂ ಹಾಗೇನೇ. ಜೋರಾಗಿ ಎಳೆದರೆ ಎಳೆ ಕಿತ್ತುಹೋಗುತ್ತೆ ಅನ್ನೋದೂ ಅಷ್ಟೇ ನಿಜ.

ಕೊನೆಯ ವರದಿ ಸರ್ಕಾರದ ಕೈ ಸೇರಿದ್ದು 2011ರ ಜುಲೈ 27ರಂದು. ಅನುಬಂಧಗಳೂ ಸೇರಿ 25 ಸಾವಿರಕ್ಕೂ ಹೆಚ್ಚು ಪುಟ. ರಾಜ್ಯದ ಬೊಕ್ಕಸಕ್ಕಾದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಅಂತ ವರದಿಯ ಲೆಕ್ಕ. ಆದರೆ ಅದಕ್ಕೂ ಸುಮಾರು ಒಂದು ವಾರ ಮುಂಚೆಯೇ ಮುಖ್ಯ ಅಂಶಗಳು ಟೀವಿ, ಪತ್ರಿಕೆಗಳಲ್ಲಿ ಬಂದುಬಿಟ್ಟವು! ಸೋರಿದ್ದು ನಿಜ ಅಂತ ಹೆಗ್ಡೆಯವರೇ ಒಪ್ಪಿದರು, ತಮ್ಮ ಫೋನು ಕದ್ದಾಲಿಸಲಾಗಿದೆ ಅಂತಲೂ ಹೇಳಿದರು. ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆಗೆ ತಡೆ ಹಾಕಿತು. ಜುಲೈ 31ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು.

ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ನಿಜದಲ್ಲಿ? ವರದಿಯ ಮೇಲೆ ಯಡಿಯೂರಪ್ಪನವರ ವಿರುದ್ಧ ಹಾಕಿದ್ದ ಎಫ್.ಐ.ಆರ್. ಅನ್ನು 2012ರ ಮಾರ್ಚಿನಲ್ಲಿ ಹೈಕೋರ್ಟು ರದ್ದು ಮಾಡಿತು. 2016ರ ಅಕ್ಟೋಬರಿನಲ್ಲಿ ಸಿಬಿಐ ವಿಶೇಷ ಕೋರ್ಟು ಅವರನ್ನು ನಿರ್ದೋಷಿ ಅಂದಿತು. ಬೇಲೇಕೇರಿ ಬಂದರಿನಿಂದ ಅದಿರು ಮಾಯವಾದ ಮೊಕದ್ದಮೆಯಲ್ಲಿ ಶಿಕ್ಷೆ ಪ್ರಕಟವಾಗಿದ್ದು 2024ರ ಅಕ್ಟೋಬರಿನಲ್ಲಿ. ಮುಂದಿನ ತಿಂಗಳೇ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ನೋಡಿ, ಪರದೆಯ ಮೇಲೆ ಎರಡೂವರೆ ಗಂಟೆ. ಬದುಕಿನಲ್ಲಿ ಹದಿನಾಲ್ಕು ವರ್ಷ! ಸೋರಿದ ಕಾಗದ ಬಾಗಿಲು ತೆಗೆಯುತ್ತೆ, ತೀರ್ಪು ಕೊಡುವುದಿಲ್ಲ. ಅದು ಕೋರ್ಟಿನ ಕೆಲಸ.

ಆ ವಾರ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಕಾಗದ ಕೊಟ್ಟವರು ಯಾರು ಅನ್ನುವ ಒಂದು ಸಾಲು ಮಾತ್ರ ಬರೆಯಲಿಲ್ಲ. ಬರೆಯಬಾರದ್ದನ್ನು ಬರೆಯದಿರುವುದೂ ಈ ಕಸುಬಿನ ಭಾಗ.

ಬಿಗ್ ಬಿ ಹೆಸರು ಬಂದಿದ್ದು ಹೇಗೆ?

ಈಗ ಅಮಿತಾಬ್ ವಿಷಯ. 1986ರ ಮಾರ್ಚಿನಲ್ಲಿ ಭಾರತ ಸರ್ಕಾರ ಸ್ವೀಡನ್ನಿನ ಬೊಫೋರ್ಸ್ ಕಂಪನಿಯ ಜೊತೆ 400 ಫಿರಂಗಿಗಳಿಗೆ 1,437 ಕೋಟಿ ರೂಪಾಯಿಯ ಒಪ್ಪಂದ ಮಾಡಿತು. 1987ರ ಏಪ್ರಿಲ್ 16ರಂದು ಸ್ವೀಡನ್ನಿನ ರೇಡಿಯೋ ಇದರಲ್ಲಿ ಲಂಚ ನಡೆದಿದೆ ಅಂತ ಬಾಂಬ್ ಸಿಡಿಸಿತು. ಜಿನೀವಾದಲ್ಲಿದ್ದ ಪತ್ರಕರ್ತೆ ಚಿತ್ರಾ ಸುಬ್ರಮಣ್ಯಂ ಬೆನ್ನು ಹತ್ತಿದರು. 'ದಿ ಹಿಂದೂ'ವಿನಲ್ಲಿ ಎನ್. ರಾಮ್ ಜೊತೆ ದಾಖಲೆ ಮೇಲೆ ದಾಖಲೆ ಅಚ್ಚಾಯಿತು. 1989ರ ಚುನಾವಣೆಯಲ್ಲಿ ರಾಜೀವ್ ಗಾಂಧಿ ಸರ್ಕಾರ ಸೋತಿತು.

ದಾಖಲೆ ಕೊಟ್ಟವರು ಯಾರು? ಸ್ವೀಡನ್ನಿನ ತನಿಖೆಯ ಮುಖ್ಯಸ್ಥ ಸ್ಟೆನ್ ಲಿಂಡ್‌ಸ್ಟ್ರಾಮ್. ಸುಮಾರು 350 ಕಾಗದಗಳನ್ನು ಅವರು ಚಿತ್ರಾ ಕೈಗಿಟ್ಟಿದ್ದರು. ಲೋಕಕ್ಕೆ ಇದು ಗೊತ್ತಾಗಿದ್ದು ಯಾವಾಗ ಹೇಳಿ.... 2012ರಲ್ಲಿ! ಅದೂ ಸ್ಟೆನ್ ತಾವಾಗಿ ಬಾಯಿ ಬಿಟ್ಟ ಮೇಲೆ. ಇಪ್ಪತ್ತೈದು ವರ್ಷ ಆ ಹೆಣ್ಣುಮಗಳು ಹೆಸರು ಹೇಳಲಿಲ್ಲ. ನಮ್ಮ ಆಕ್ಷನ್ ಹೀರೋಗಳೆಲ್ಲ ಒಟ್ಟಿಗೆ ನಿಂತರೂ ಇಷ್ಟು ದೊಡ್ಡ ಸಾಹಸ ಮಾಡಿಲ್ಲ ಅಂತೀನಿ ನಾನು.

ಅದೇ ಮಾತುಕತೆಯಲ್ಲಿ ಸ್ಟೆನ್ ಇನ್ನೊಂದು ವಿಷಯ ಹೇಳಿದರು. ಬಚ್ಚನ್ ಕುಟುಂಬದ ಹೆಸರನ್ನು ಸ್ವೀಡನ್ನಿನ ಒಂದು ಪತ್ರಿಕೆಗೆ ತಲುಪಿಸಿದ್ದು ಭಾರತದಿಂದ ಹೋಗಿದ್ದ ತನಿಖೆಯವರಂತೆ! ಅಂದರೆ ಅದು ಸೋರಿಕೆ ಅಲ್ಲ, ನೆಟ್ಟಿದ್ದು. ಅಮಿತಾಬ್ 1984ರಲ್ಲಿ ಅಲಹಾಬಾದಿನಿಂದ ಲೋಕಸಭೆಗೆ ಗೆದ್ದು ಹೋಗಿ, ಆರೋಪಗಳ ಗದ್ದಲದ ನಡುವೆ 1987ರಲ್ಲಿ ರಾಜೀನಾಮೆ ಬಿಸಾಡಿ ಬಂದಿದ್ದರು. ಆ ಮನುಷ್ಯನ ಬೆನ್ನಿಗೆ ಈ ಹೆಸರು ಕಾಲು ಶತಮಾನ ಅಂಟಿಕೊಂಡಿತ್ತು. ರಾಜೀವ್ ಗಾಂಧಿ ಲಂಚ ಪಡೆದರು ಅನ್ನುವುದಕ್ಕೆ ಸಾಕ್ಷಿ ಇಲ್ಲ ಅಂತಲೂ ಸ್ಟೆನ್ ಹೇಳಿದರು. 2004ರಲ್ಲಿ ದೆಹಲಿ ಹೈಕೋರ್ಟು ರಾಜೀವ್ ಮೇಲಿನ ಲಂಚದ ಆರೋಪ ತೆಗೆದುಹಾಕಿತ್ತು.

ಇದರಿಂದ ಏನು ತಿಳೀತು? 'ಗುಟ್ಟಿನ ಕಾಗದ' ಅಂದ ಕೂಡಲೇ ಅದು ಸತ್ಯವಾಗಿಬಿಡುವುದಿಲ್ಲ. ಕೊಟ್ಟವನ ಮನಸ್ಸಿನಲ್ಲಿ ಏನಿದೆ, ಯಾರ ಮೇಲೆ ಕಣ್ಣಿದೆ, ಇನ್ನೊಂದು ಕಾಗದದ ಜೊತೆ ಇದು ತಾಳೆಯಾಗುತ್ತಾ, ಆರೋಪ ಹೊತ್ತವನ ಉತ್ತರ ಏನು? ಇದನ್ನೆಲ್ಲ ಕೇಳದೆ ಅಚ್ಚು ಹಾಕುವವನು ಪತ್ರಕರ್ತನಲ್ಲ, ಪೋಸ್ಟ್‌ಮ್ಯಾನ್!

ಗ್ಯಾರೇಜಿನ ಕತ್ತಲು

ಅರ್ಧ ನಿಮಿಷದ ಪಾತ್ರಧಾರಿಗೆ ನ್ಯಾಯ ಕೊಟ್ಟ ಒಂದು ಹಾಲಿವುಡ್ ಚಿತ್ರ ಇದೆ. 1976ರ 'ಆಲ್ ದಿ ಪ್ರೆಸಿಡೆಂಟ್ಸ್ ಮೆನ್'. ರಾಬರ್ಟ್ ರೆಡ್‌ಫೋರ್ಡ್, ಡಸ್ಟಿನ್ ಹಾಫ್‌ಮನ್ ಇಬ್ಬರು ರಿಪೋರ್ಟರುಗಳು. ಅಮೆರಿಕದ ಅಧ್ಯಕ್ಷ ನಿಕ್ಸನ್ 1974ರಲ್ಲಿ ಕುರ್ಚಿ ಬಿಡುವಂತೆ ಮಾಡಿದ ವಾಟರ್‌ಗೇಟ್ ಹಗರಣದ ಕಥೆ. ಇಡೀ ಚಿತ್ರದಲ್ಲಿ ಒಂದು ಫೈಟೂ ಇಲ್ಲ ಮಾರಾಯ್ರೇ! ಫೋನು, ಟೈಪ್‌ರೈಟರ್, ಬಾಗಿಲು ತಟ್ಟುವುದು, ಅಷ್ಟೇ. ಆದರೂ ಸೀಟಿನ ತುದಿಗೆ ಕೂರಿಸುತ್ತೆ.

ಅದರಲ್ಲಿ ಕಾರು ನಿಲ್ಲಿಸುವ ನೆಲಮಾಳಿಗೆಯ ಕತ್ತಲಿನಲ್ಲಿ ಒಬ್ಬ ಬಂದು ನಿಲ್ಲುತ್ತಾನೆ. ಮುಖ ಅರ್ಧ ಕಾಣುತ್ತೆ, ಅರ್ಧ ಕಾಣಲ್ಲ. ಹೆಸರಿಲ್ಲ. ನಿಜದಲ್ಲಿ ಆತ ಅಮೆರಿಕದ ಎಫ್‌ಬಿಐನ ಎರಡನೇ ಸ್ಥಾನದಲ್ಲಿದ್ದ ಮಾರ್ಕ್ ಫೆಲ್ಟ್. ತಾನೇ ಆ ಮನುಷ್ಯ ಅಂತ ಆತ ಒಪ್ಪಿದ್ದು 2005ರಲ್ಲಿ, 91ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಮೂವತ್ತಕ್ಕೂ ಹೆಚ್ಚು ವರ್ಷ ಆ ಇಬ್ಬರು ಪತ್ರಕರ್ತರ ಬಾಯಿಗೆ ಬೀಗ.

ಬೀಗ ಬಿಟ್ಟುಹೋದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2017ರಲ್ಲಿ ಅಮೆರಿಕದ ರಿಯಾಲಿಟಿ ವಿನ್ನರ್ ಅನ್ನುವ ಯುವತಿ ಒಂದು ಗುಪ್ತ ದಾಖಲೆಯನ್ನು ಸುದ್ದಿಸಂಸ್ಥೆಯೊಂದಕ್ಕೆ ಅಂಚೆಯಲ್ಲಿ ಕಳಿಸಿದಳು. ಅಲ್ಲಿಯವರು ನಿಜವೋ ಸುಳ್ಳೋ ಖಾತ್ರಿ ಮಾಡಿಕೊಳ್ಳಲು ಅದರ ನಕಲನ್ನೇ ಸರ್ಕಾರದವರಿಗೆ ತೋರಿಸಿದರು. ಕಾಗದದಲ್ಲಿ ಮಡಿಕೆ ಗುರುತು ಕಂಡಿತು. ಓಹೋ, ಇದು ಪ್ರಿಂಟ್ ತೆಗೆದು ಹೊರಗೆ ಒಯ್ದದ್ದು! ಪ್ರಿಂಟ್ ತೆಗೆದವರು ಒಟ್ಟು ಆರೇ ಜನ. ಅದರಲ್ಲಿ ಆ ಸುದ್ದಿಸಂಸ್ಥೆಗೆ ಹಿಂದೆ ಇಮೇಲ್ ಬರೆದಿದ್ದವಳು ಒಬ್ಬಳೇ. ಮುಗೀತು ಕಥೆ. ಐದು ವರ್ಷ ಮೂರು ತಿಂಗಳ ಶಿಕ್ಷೆ. ಒಂದು ಮಡಿಕೆಗೆ ಇಷ್ಟು ಬೆಲೆ!

ನಮ್ಮ ದೇಶದಲ್ಲಿ ಸತ್ಯೇಂದ್ರ ದುಬೆ ಅಂತ ಒಬ್ಬ ಎಂಜಿನಿಯರ್ ಇದ್ದರು. ಐಐಟಿಯಲ್ಲಿ ಓದಿದ ಹುಡುಗ. ಚತುಷ್ಪಥ ಹೆದ್ದಾರಿಯ ಕೆಲಸದಲ್ಲಿ ನಡೆಯುತ್ತಿದ್ದ ಅವ್ಯವಹಾರದ ಬಗ್ಗೆ 2002ರಲ್ಲಿ ಪ್ರಧಾನಮಂತ್ರಿಗಳಿಗೆ ಕಾಗದ ಬರೆದರು. ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು. ಆ ಕಾಗದ ಹೆಸರಿನ ಸಮೇತ ಟೇಬಲ್ಲಿಂದ ಟೇಬಲ್ಲಿಗೆ ಸುತ್ತಿತು. 2003ರ ನವೆಂಬರ್ 27ರಂದು ಬಿಹಾರದ ಗಯಾದಲ್ಲಿ ಗುಂಡಿಟ್ಟು ಕೊಂದರು. ವಯಸ್ಸು ಮೂವತ್ತು! ಇದು ದರೋಡೆಕೋರರ ಕೃತ್ಯ ಅಂತ ಸಿಬಿಐ ಹೇಳಿತು, 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ಅದೇನೇ ಇರಲಿ, ಗುಟ್ಟಾಗಿಡಿ ಅಂದ ಹೆಸರು ಗುಟ್ಟಾಗಿ ಉಳಿಯಲಿಲ್ಲ ಅನ್ನೋದು ಸತ್ಯ. ಇಂಥವರನ್ನು ಕಾಯಲೆಂದು ಸಂಸತ್ತು ಮಾಡಿದ ಕಾನೂನಿಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆಮೇಲೆ ವರ್ಷಗಟ್ಟಲೆ ಅದು ಜಾರಿಗೇ ಬರಲಿಲ್ಲ. ಡಬ್ಬಾದಲ್ಲಿ ಕೂತ ಸಿನಿಮಾದ ಹಾಗೆ!

ಕದ್ದ ಕಾಗದ ಸಾಕ್ಷಿ ಆಗುತ್ತಾ?

'ಸಾರ್, ಸರ್ಕಾರದ ಗುಟ್ಟು ಹೊರಗೆ ತರೋದು ಅಪರಾಧ ಅಲ್ವಾ?' ಅಂತ ಒಬ್ಬ ಗೆಳೆಯ ನನ್ನನ್ನು ಕೇಳಿದ. ಒಳ್ಳೇ ಪ್ರಶ್ನೆ. ಬ್ರಿಟಿಷರು 1923ರಲ್ಲಿ ಮಾಡಿಟ್ಟುಹೋದ ಸರ್ಕಾರಿ ರಹಸ್ಯ ಕಾಯ್ದೆ ಅಂತ ಒಂದಿದೆ. ಬಿಳಿಯರು ಹೋದರು, ಕಾಯ್ದೆ ಉಳಿಯಿತು. ದೇಶದ ರಕ್ಷಣೆಯ ಗುಟ್ಟು ಶತ್ರುವಿಗೆ ಮಾರುವವನನ್ನು ಬಿಡಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಕಾಯ್ದೆಯ ಗುಮ್ಮನನ್ನು ತೋರಿಸಿ ಚರಂಡಿ ಕಂಟ್ರಾಕ್ಟಿನ ಬಿಲ್ಲನ್ನೂ ಬಚ್ಚಿಟ್ಟರೆ?

ಈ ಕಾಯ್ದೆಗೂ ನಮ್ಮ ಸೀಮೆಗೂ ಒಂದು ನಂಟಿದೆ. ಕೇಂದ್ರ ಸರ್ಕಾರದ ಎರಡನೇ ಆಡಳಿತ ಸುಧಾರಣಾ ಆಯೋಗ 2006ರ ಜೂನಿನಲ್ಲಿ ತನ್ನ ಮೊದಲ ವರದಿ ಕೊಟ್ಟಿತು. ವಿಷಯ ಮಾಹಿತಿ ಹಕ್ಕು. 1923ರ ಕಾಯ್ದೆಯನ್ನು ರದ್ದು ಮಾಡಿ ಅಂತ ಅದರಲ್ಲೇ ಶಿಫಾರಸು ಇತ್ತು. ಅಧ್ಯಕ್ಷರು ಯಾರು ಗೊತ್ತಾ? ವೀರಪ್ಪ ಮೊಯಿಲಿ. 2009ರಲ್ಲಿ ಚಿಕ್ಕಬಳ್ಳಾಪುರದಿಂದಲೇ ಲೋಕಸಭೆಗೆ ಗೆದ್ದು ಕೇಂದ್ರದ ಕಾನೂನು ಮಂತ್ರಿಯಾದವರು! ನಮ್ಮ ಶಿಡ್ಲಘಟ್ಟ 2007ರಲ್ಲಿ ಕೋಲಾರ ಬಿಟ್ಟು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು, ಲೋಕಸಭೆಯ ಓಟು ಮಾತ್ರ ಕೋಲಾರಕ್ಕೆ. ಆದ್ದರಿಂದ ಮೊಯಿಲಿಯವರಿಗೆ ಓಟು ಹಾಕುವ ಚಾನ್ಸ್ ನಮ್ಮೂರಿಗೆ ಇರಲಿಲ್ಲ, ಪಕ್ಕದಲ್ಲಿ ನಿಂತು ನೋಡಿದೆವು. ಶಿಫಾರಸು ಶಿಫಾರಸಾಗಿಯೇ ಉಳಿಯಿತು, ಕಾಯ್ದೆ ರದ್ದಾಗಲಿಲ್ಲ.

2019ರಲ್ಲಿ ಇದೇ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ರಫೇಲ್ ವಿಮಾನ ಖರೀದಿಯ ರಕ್ಷಣಾ ಇಲಾಖೆ ಟಿಪ್ಪಣಿಗಳು 'ದಿ ಹಿಂದೂ'ವಿನಲ್ಲಿ ಅಚ್ಚಾಗಿದ್ದವು. ಬರೆದವರು ಮತ್ತೆ ಅದೇ ಎನ್. ರಾಮ್! ಅವು ಕದ್ದ ಕಾಗದ ಅಂತ ಅಟಾರ್ನಿ ಜನರಲ್ ಕೋರ್ಟಿನಲ್ಲಿ ಹೇಳಿದರು, ಆಮೇಲೆ ನಕಲು ಪ್ರತಿ ಅಂತ ತಿದ್ದಿಕೊಂಡರು. ಏಪ್ರಿಲ್ 10ರಂದು ಮೂವರು ನ್ಯಾಯಮೂರ್ತಿಗಳ ಪೀಠ ಒಂದೇ ದನಿಯಲ್ಲಿ, ಆ ಕಾಗದಗಳನ್ನು ನಾವು ನೋಡಬಹುದು ಅಂತ ತೀರ್ಪು ಕೊಟ್ಟಿತು. ಅದೇ ವರ್ಷ ನವೆಂಬರ್ 14ಕ್ಕೆ ಪುನರ್‌ಪರಿಶೀಲನೆಯ ಅರ್ಜಿಗಳನ್ನು ವಜಾ ಮಾಡಿತು. ಎರಡೂ ಮಾತು ಸೇರಿಸಿ ಓದಿಕೊಳ್ಳಿ. ಕಾಗದವನ್ನು ನೋಡುವುದು ಬೇರೆ, ಆರೋಪ ಒಪ್ಪುವುದು ಬೇರೆ.

ಹತ್ತು ರೂಪಾಯಿಯ ಟಿಕೆಟ್

ಹಾಗಾದರೆ ಗುಟ್ಟಾಗಿ ಕೊಡುವವನು ಇದ್ದರೆ ಮಾತ್ರ ಸರ್ಕಾರದ ಕಾಗದ ನೋಡಬಹುದಾ? ಹಾಗೇನಿಲ್ಲ! ಸೋರಿಕೆ ಅನ್ನೋದು ಕಿಟಕಿ. ಮುಂಬಾಗಿಲೂ ಒಂದಿದೆ. ಕರ್ನಾಟಕ 2000ನೇ ಇಸವಿಯಲ್ಲೇ ತನ್ನದೊಂದು ಮಾಹಿತಿ ಹಕ್ಕಿನ ಕಾಯ್ದೆ ಮಾಡಿತ್ತು. ಇಡೀ ದೇಶಕ್ಕೆ ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಂದು ಜಾರಿಗೆ ಬಂತು. ಹಳೇ ರಹಸ್ಯ ಕಾಯ್ದೆ ಅಡ್ಡ ಬಂದರೂ ಇದರದೇ ಮೇಲುಗೈ ಅಂತ ಅದರಲ್ಲೇ ಬರೆದಿದೆ.

ಶುಲ್ಕ ಹತ್ತು ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಬರೆಯಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಮುಗಿಸಬೇಕು. ಯಾಕೆ ಬೇಕು ಅಂತ ಕಾರಣ ಹೇಳಬೇಕಾಗಿಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಒಬ್ಬರ ಜೀವ, ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಉತ್ತರ ಬಾರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಸುಮ್ಮನೆ ಸತಾಯಿಸಿದ ಅಧಿಕಾರಿಗೆ ದಿನಕ್ಕೆ 250ರ ಹಾಗೆ 25,000 ರೂಪಾಯಿವರೆಗೆ ದಂಡ ಬೀಳಬಹುದು.

ಕೇಳೋದು ಏನನ್ನ ಅಂತೀರಾ? ಸಿನಿಮಾ ಹುಚ್ಚಿನಿಂದಲೇ ಶುರು ಮಾಡಿ! ಕನ್ನಡ ಚಿತ್ರಗಳಿಗೆ ಸರ್ಕಾರ ಸಹಾಯಧನ ಕೊಡುತ್ತೆ. ಯಾವ ವರ್ಷ, ಯಾವ ಚಿತ್ರಕ್ಕೆ, ಎಷ್ಟು? ಕೇಳಿ. ಆಮೇಲೆ ನಿಮ್ಮ ಬೀದಿಗೆ ಬನ್ನಿ. ಆರು ತಿಂಗಳಿಗೆ ಕಿತ್ತುಹೋದ ರಸ್ತೆಯ ಅಂದಾಜು ಪಟ್ಟಿ ಎಷ್ಟು, ಬಿಲ್ ಪಾಸಾದ ದಿನ ಯಾವುದು, ಅಳತೆ ಪುಸ್ತಕದಲ್ಲಿ ಎಷ್ಟು ಉದ್ದ ಬರೆದಿದ್ದಾರೆ? ಆ ಪುಟದ ನಕಲು ತಗೊಂಡು, ನಾಲ್ಕು ಜನ ಸ್ನೇಹಿತರು ಟೇಪ್ ಹಿಡಿದು ರಸ್ತೆ ಅಳೆಯಿರಿ. ಯು.ವಿ. ಸಿಂಗ್ ತಂಡ ಮಾಡಿದ್ದೂ ಇದನ್ನೇ ಅಲ್ವಾ? ಪುಸ್ತಕದ ಲೆಕ್ಕ, ನೆಲದ ಲೆಕ್ಕ, ಎರಡನ್ನೂ ಪಕ್ಕಪಕ್ಕ ಇಡುವುದು!

ಒಂದು ಎಚ್ಚರಿಕೆ. ಈ ಬಾಗಿಲಿಗೂ ಚಿಲಕಗಳಿವೆ. ವೈಯಕ್ತಿಕ ಮಾಹಿತಿಯಾದರೂ ಜನಹಿತ ದೊಡ್ಡದಿದ್ದರೆ ಕೊಡಬಹುದು ಅಂತ ಒಂದು ಕಲಮಿನಲ್ಲಿ ಇತ್ತು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಆ ಕಲಮನ್ನೇ ತಿದ್ದಿ ಬಿಗಿ ಮಾಡಿತು. ಇನ್ನೊಂದು, ಅರ್ಜಿಯಲ್ಲಿ ನಿಮ್ಮ ಹೆಸರು ವಿಳಾಸ ಇರುತ್ತೆ. ಒಬ್ಬೊಬ್ಬರೇ ಹೀರೋ ಆಗಲು ಹೋಗಬೇಡಿ. ಅಭಿಮಾನಿ ಸಂಘ ಕಟ್ಟಿ ಕಟೌಟಿಗೆ ಹಾಲು ಸುರಿಯಲು ಐವತ್ತು ಜನ ಸೇರುತ್ತೀರಲ್ಲ, ಅದೇ ಐವತ್ತು ಜನ ಐವತ್ತು ಅರ್ಜಿ ಹಾಕಿ ನೋಡಿ!

ಕೈಯಲ್ಲಿರೋ ಫೋನಿಗೆ ಒಂದು ಮಾತು

ಈಗ ಎಲ್ಲರ ಕೈಯಲ್ಲೂ ಫೋನು. 'ಸರ್ಕಾರದ ಗುಪ್ತ ಆದೇಶ ಲೀಕ್' ಅಂತ ವಾಟ್ಸಾಪಿನಲ್ಲಿ ಫೋಟೋ ಬರುತ್ತೆ, ಬಸ್ಸು ಹೊರಡೋದರೊಳಗೆ ಹತ್ತು ಗುಂಪಿಗೆ ಹೋಗಿರುತ್ತೆ. ಒಂದು ನಿಮಿಷ ತಡೀರಿ. ಸುಳ್ಳು ಆದೇಶವಾದರೆ ನೀವು ಯಾವನೋ ನೆಟ್ಟ ಗಿಡಕ್ಕೆ ನೀರು ಹಾಕಿದಂತಾಯ್ತು. ಬಚ್ಚನ್ ಕಥೆ ನೆನಪಿದೆಯಲ್ಲ? ನಿಜವಾದ ಆದೇಶವಾದರೆ ಇನ್ನೂ ಅಪಾಯ. ಆ ಫೋಟೋದ ಮೂಲೆಯಲ್ಲಿ ಒಂದು ಸಣ್ಣ ಸಹಿ, ಶಾಯಿಯ ಗುರುತು, ಪ್ರತಿಯ ನಂಬರು, ಮಡಿಕೆ ಇರುತ್ತೆ. ಅದನ್ನು ಹಿಡಿದು, ಅದು ಯಾರ ಟೇಬಲ್ಲಿನದು ಅಂತ ಕಚೇರಿಯಲ್ಲಿ ಅರ್ಧ ಗಂಟೆಯಲ್ಲಿ ಪತ್ತೆ ಮಾಡುತ್ತಾರೆ. ಕೆಲಸ ಹೋಗುವುದು ನಿಮ್ಮದಲ್ಲ, ಮನೆಯಲ್ಲಿ ಹೆಂಡತಿ ಮಕ್ಕಳನ್ನಿಟ್ಟುಕೊಂಡು ನಿಮಗಾಗಿ ಧೈರ್ಯ ಮಾಡಿದವನದು.

ಅಂಥ ಕಾಗದ ನಿಜವಾಗಿಯೂ ಕೈಗೆ ಬಂದರೆ, ನಂಬಿಕಸ್ಥ ಪತ್ರಕರ್ತನಿಗೆ ಕೈಯಾರೆ ಮುಟ್ಟಿಸಿ. ಯಾರು ಕೊಟ್ಟರು ಅಂತ ಅಪ್ಪ ಕೇಳಿದರೂ ಹೇಳಬೇಡಿ, ಪ್ರಾಣಸ್ನೇಹಿತ ಕೇಳಿದರೂ ಹೇಳಬೇಡಿ. 2021ರ ಅಕ್ಟೋಬರಿನಲ್ಲಿ ಪೆಗಾಸಸ್ ಕದ್ದಾಲಿಕೆಯ ವಿಚಾರಣೆ ನಡೆಸಿದ ಸುಪ್ರೀಂ ಕೋರ್ಟೇ, ಸುದ್ದಿಮೂಲದ ರಕ್ಷಣೆ ಇಲ್ಲದೆ ಪತ್ರಿಕಾ ಸ್ವಾತಂತ್ರ್ಯ ಇಲ್ಲ ಅನ್ನುವ ಅರ್ಥದ ಮಾತು ಹೇಳಿದೆ.

ಮುಂದಿನ ಸಲ ಒಂದು ದೊಡ್ಡ ಹಗರಣದ ಸುದ್ದಿ ಓದಿದಾಗ ಬರೆದವರ ಹೆಸರಿಗೆ ಒಂದು ಚಪ್ಪಾಳೆ ಹೊಡೆಯಿರಿ. ಆಮೇಲೆ ಆ ಸುದ್ದಿಯಲ್ಲಿ ಎಲ್ಲೂ ಹೆಸರಿಲ್ಲದ ಇನ್ನೊಬ್ಬನಿಗೆ ಮನಸ್ಸಿನಲ್ಲೇ ಇನ್ನೊಂದು. ಬೆಳಿಗ್ಗೆ ಅವನೂ ಎಂದಿನಂತೆ ಊಟದ ಡಬ್ಬಿ ಹಿಡಿದು, ನಮ್ಮ ನಿಮ್ಮ ಪಕ್ಕದಲ್ಲೇ ನಿಂತು, ಅದೇ ಬಸ್ಸು ಹತ್ತಿ ಅದೇ ಕಚೇರಿಗೆ ಹೋಗಿರುತ್ತಾನೆ. ಅವನು ಯಾರು ಅಂತ ನಮಗೆ ಗೊತ್ತಾಗದೇ ಇರಲಿ. ಅದೇ ಅವನಿಗೆ ನಾವು ಕೊಡುವ ಪ್ರಶಸ್ತಿ!